ಎಲೆ ತಿನ್ನುವ ಹುಳಕ್ಕೆ ದುಂಬಿ ಅನ್ನಬೇಕೋ, ಜೀರುಂಡೆ ಅನ್ನಬೇಕೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ಲೀಫ್ ಬೀಟಲ್ ಅಂತಾರಲ್ಲ, ಆ ಹುಳಗಳ ಬಗ್ಗೆ ಮಕ್ಕಳಿಗೆ ನಾಲ್ಕು ಪುಟ ಬರೆಯುತ್ತಿದ್ದೇನೆ. ಕ್ರೈಸೋಮೆಲಿಡೆ ಕುಟುಂಬ, ಹೆಸರಿಟ್ಟ ಜಾತಿಗಳೇ 35,000ಕ್ಕೂ ಜಾಸ್ತಿ. ಕನ್ನಡದಲ್ಲಿ ಮಾತ್ರ ಒಂದು ಒಳ್ಳೆಯ ಹೆಸರು ಸಿಗುತ್ತಿಲ್ಲ.

ಕೃಷಿ ಕರಪತ್ರಗಳಲ್ಲಿ 'ಕುಂಬಳದ ಕೆಂಪು ದುಂಬಿ' ಅಂತಿರುತ್ತದೆ. ನನಗೋ ದುಂಬಿ ಅಂದರೆ ಹೂವಿನ ಸುತ್ತ ಗುಂಯ್ ಅನ್ನುವುದೇ ಕಣ್ಣಿಗೆ ಬರುತ್ತದೆ, ಹಳಗನ್ನಡದ ತುಂಬಿಯೂ ಅದೇ ಅಲ್ವಾ? ಇದು ಕುಂಬಳ, ಸೌತೆಯ ಸಸಿ ಎರಡೆಲೆ ಬಿಡುವಷ್ಟರಲ್ಲೇ ತೂತು ಹೊಡೆದು ಮುಗಿಸುವ ಹುಳ, ಇದರ ಮರಿ ಮಣ್ಣೊಳಗೆ ಕೂತು ಬೇರು ತಿನ್ನುತ್ತದೆ. ಜೀರುಂಡೆ ಅನ್ನೋಣ ಅಂದರೆ ಮಲೆನಾಡಿನ ಗೆಳೆಯರು ನಗುತ್ತಾರೆ. ಅವರಿಗೆ ಜೀರುಂಡೆ ಅಂದರೆ ಮರದಲ್ಲಿ ಕೂತು ಕಿವಿ ಕಿತ್ತುಹೋಗುವಂತೆ ಕೂಗುವುದು, ಅದು ಬೀಟಲ್ಲೇ ಅಲ್ಲ.

'ಓಡುಹುಳ' ನನಗೆ ಇಷ್ಟ. ಮೇಲಿನ ಜೋಡಿ ರೆಕ್ಕೆ ಗಟ್ಟಿಯಾಗಿ, ಓಡಿನ ಹಾಗೆ ಒಳಗಿನ ತೆಳು ರೆಕ್ಕೆಗಳನ್ನು ಮುಚ್ಚಿರುತ್ತದೆ. ಆದರೆ ಓದಿ ತೋರಿಸಿದಾಗ ಮಗಳು ಕೇಳಿದ್ದು, "ಅದು ಎಲ್ಲಿಗೆ ಓಡುತ್ತೆ?"

ಇನ್ನು 'ಎಲೆ' ಅನ್ನುವುದೂ ಪೂರ್ತಿ ಸರಿಯಿಲ್ಲ. ಹೆಸರುಕಾಳು, ಅಲಸಂದೆ ಡಬ್ಬದಲ್ಲಿ ಗುಂಡಗೆ ತೂತು ಮಾಡಿಕೊಂಡು ಹೊರಬರುವ ಹುಳವನ್ನೂ ಈಗ ಇದೇ ಕುಟುಂಬಕ್ಕೆ ಸೇರಿಸಿದ್ದಾರೆ. ಕಾಳಿನೊಳಗೇ ಬೆಳೆಯುವ ಅದಕ್ಕೆ ಎಲೆಯ ಗೊಡವೆಯೇ ಇಲ್ಲ. ಕಾಂಗ್ರೆಸ್ ಗಿಡ ತಿನ್ನಲಿ ಅಂತ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳವೂ ಇದೇ ಬಳಗದ್ದು. ಅದಕ್ಕೆ 'ಮೆಕ್ಸಿಕನ್ ದುಂಬಿ' ಅಂತಲೂ ಬರೆಯುತ್ತಾರೆ, 'ಮೆಕ್ಸಿಕನ್ ಜೀರುಂಡೆ' ಅಂತಲೂ ಬರೆಯುತ್ತಾರೆ!

ಜಗಳವಿಲ್ಲದ್ದು ಒಂದೇ, 'ಆಮೆ'. ಗೆಣಸಿನ ಬಳ್ಳಿಯ ಮೇಲೆ ಚಿನ್ನದ ಹನಿಯ ಹಾಗೆ ಹೊಳೆಯುತ್ತಾ ಕೂತಿರುತ್ತದಲ್ಲ, ಅಂಚೆಲ್ಲ ಗಾಜಿನ ಹಾಗೆ, ಕಾಲು ತಲೆ ಒಳಗೆಳೆದುಕೊಂಡರೆ ಥೇಟ್ ಆಮೆಯೇ. ಸತ್ತ ಮೇಲೆ ಆ ಚಿನ್ನ ಮಾಸಿಹೋಗುತ್ತದೆ, ನಾನು ಬೆಂಕಿಪೊಟ್ಟಣದಲ್ಲಿ ಇಟ್ಟು ಮೋಸಹೋಗಿದ್ದೇನೆ. ಇಂಥವುಗಳ ಮರಿಗಳು ತಮ್ಮದೇ ಹಿಕ್ಕೆಯನ್ನೂ ಕಳಚಿದ ಪೊರೆಯನ್ನೂ ಕೊಡೆಯ ಹಾಗೆ ಬೆನ್ನ ಮೇಲೆ ಹಿಡಿದು ಇರುವೆಗಳನ್ನು ದೂರ ಇಡುತ್ತವೆ. ಇದಕ್ಕೆ 'ಆಮೆಹುಳ' ಸಾಕು ಅನ್ನಿಸಿದೆ, ಬಾಲಕ್ಕೆ ದುಂಬಿ ಯಾಕೆ ಸುಮ್ನೆ?

ನಮ್ಮಜ್ಜಿ ಬೆಳಗಿನ ಇಬ್ಬನಿಯಲ್ಲಿ ಕುಂಬಳದೆಲೆಗೆ ಒಲೆ ಬೂದಿ ಎರಚುತ್ತಾ 'ಕೆಂಪುಹುಳ' ಅಂತಿದ್ದರು, ಅಷ್ಟೇ. ನಿಮ್ಮೂರಲ್ಲಿ ಅದಕ್ಕೆ ಏನಂತಾರೆ? ಊರಿನ ಹೆಸರನ್ನೂ ಸೇರಿಸಿ ಬರೆಯಿರಿ.