ಹಳೆಯ ಇಟಾಲಿಯನ್ ರೆಸ್ಟೋರೆಂಟ್‌ನಲ್ಲಿ ಕಾರ್ಬೊನಾರಾ ಪಾಸ್ತಾ ಹೇಳಬಹುದಾ?

ಪ್ರಶ್ನೆ: ನಮ್ಮ ಬೀದಿಯ ಇಟಾಲಿಯನ್ ರೆಸ್ಟೋರೆಂಟ್ 30 ವರ್ಷದಿಂದ ಒಂದೇ ಮನೆಯವರ ಕೈಯಲ್ಲಿದೆ. ಶನಿವಾರ ಅಪ್ಪ ಅಮ್ಮನನ್ನು ಮೊದಲ ಸಲ ಕರೆದುಕೊಂಡು ಹೋಗ್ತಿದ್ದೇನೆ. ಬೇರೆ ಕಡೆ ತಿಂದ ಕಾರ್ಬೊನಾರಾದಲ್ಲಿ ಬರೀ ಕ್ರೀಮ್, ಪಾಸ್ತಾ ಮುದ್ದೆಯಾಗಿತ್ತು. ಇಲ್ಲಿ ಧೈರ್ಯ ಮಾಡಲಾ?

ಉತ್ತರ 1: ಖಂಡಿತ ಮಾಡಿ. ರೋಮ್‌ನ ಕಾರ್ಬೊನಾರಾಗೆ ಕ್ರೀಮ್ ಹಾಕುವುದಿಲ್ಲ. ಮೊಟ್ಟೆ, ಪೆಕೊರಿನೊ ಚೀಸ್, ಕರಿಮೆಣಸು, ಉಪ್ಪು ಹಚ್ಚಿ ಒಣಗಿಸಿದ ಹಂದಿ ಕೆನ್ನೆಯ ಮಾಂಸ, ಅಷ್ಟೇ. ಪಾಸ್ತಾ ಬೇಯಿಸಿದ ನೀರಿನ ಗಂಜಿ ಸೇರಿ ಸಾಸ್ ತಾನಾಗಿಯೇ ನುಣ್ಣಗಾಗುತ್ತದೆ. ಕ್ರೀಮ್ ಹಾಕ್ತೀರಾ ಅಂತ ಮೊದಲೇ ಕೇಳಿಬಿಡಿ.

ಉತ್ತರ 2: ಅಪ್ಪ ಅಮ್ಮ ಮಾಂಸ ತಿನ್ನದಿದ್ದರೆ? ಅದರ ಚೀಸ್ ಪೆಕೊರಿನೊ ರೊಮಾನೊಗೂ ಕುರಿಮರಿ ಹೊಟ್ಟೆಯಿಂದ ತೆಗೆದ ರೆನೆಟ್ (ಹಾಲನ್ನು ಗಟ್ಟಿಯಾಗಿಸುವ ಪದಾರ್ಥ) ಹಾಕ್ತಾರೆ. ಅವರಿಗೆ ಚೀಸ್ ಇಲ್ಲದ ಟೊಮೆಟೊ ಪಾಸ್ತಾ ಹೇಳಿ, ಅದೂ ಅಷ್ಟೇ ರುಚಿ.

ಕೇಳಿದವರು: ಅಯ್ಯೋ, ಅಮ್ಮ ಸಸ್ಯಾಹಾರಿ! ಇದು ಗೊತ್ತೇ ಇರಲಿಲ್ಲ, ತುಂಬಾ ಥ್ಯಾಂಕ್ಸ್.