ಮನೆಯೊಳಗೆ ಸರ್ಕ್ಯುಲರ್ ಸಾ ಓಡಿಸಿದರೆ ಇಡೀ ಮನೆಗೆ ಧೂಳು, ಏನು ಮಾಡಲಿ?

ಹೊಸಗರಗಸ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಒಂದು ಕಪಾಟು ಮಾಡುತ್ತಿದ್ದೇನೆ. 18 ಎಂಎಂ ಪ್ಲೈವುಡ್, ಜೊತೆಗೆ ಸ್ವಲ್ಪ ಎಂಡಿಎಫ್ (ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ). ಹೊರಗೆ ಕತ್ತರಿಸಲು ಜಾಗವೇ ಇಲ್ಲ. ಖಾಲಿ ಇದ್ದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಿನ್ನೆ ಸರ್ಕ್ಯುಲರ್ ಸಾ (ದುಂಡು ಬ್ಲೇಡ್ ತಿರುಗುವ ಕರೆಂಟ್ ಗರಗಸ) ಹಿಡಿದು ನಾಲ್ಕೇ ನಾಲ್ಕು ಕಟ್ ಹಾಕಿದೆ. ಸಂಜೆ ನೋಡಿದರೆ ಪಕ್ಕದ ಕೋಣೆಯ ಹಾಸಿಗೆ, ಪುಸ್ತಕ, ಅಡುಗೆಮನೆಯ ಡಬ್ಬಿ, ಎಲ್ಲದರ ಮೇಲೂ ತೆಳ್ಳಗೆ ಪುಡಿ ಕೂತಿದೆ. ಮನೆಯಲ್ಲಿ ಚಿಕ್ಕ ಮಗು ಇದೆ, ರಾತ್ರಿ ತುಂಬಾ ಸೀನುತ್ತಿತ್ತು, ಅದನ್ನು ನೋಡಿ ಮನಸ್ಸಿಗೆ ಬಹಳ ಬೇಜಾರಾಯಿತು. ಇನ್ನೂ ಮೂವತ್ತು ಕಟ್ ಬಾಕಿ ಇದೆ. ಮನೆ ಕ್ಲೀನ್ ಮಾಡುವ ವ್ಯಾಕ್ಯೂಮನ್ನೇ ಸಾಗೆ ಸಿಕ್ಕಿಸಬಹುದಾ? ಫ್ಯಾನ್ ಹಾಕಬೇಕಾ, ಬೇಡವಾ?

ಮರದಪುಡಿ:
ಮೊದಲು ಸೀಲಿಂಗ್ ಫ್ಯಾನ್ ಆಫ್ ಮಾಡಿ. ಎಸಿ ಇದ್ದರೆ ಅದನ್ನೂ. ಅವು ಧೂಳನ್ನು ಹೊರಗೆ ಹಾಕುವುದಿಲ್ಲ, ಸುತ್ತಿಸುತ್ತವೆ ಅಷ್ಟೇ.

ನೆಲಕ್ಕೆ ಬೀಳುವ ದಪ್ಪ ಪುಡಿ ದೊಡ್ಡ ತೊಂದರೆ ಅಲ್ಲ, ಆಮೇಲೆ ಸುಲಭವಾಗಿ ತೆಗೆಯಬಹುದು. ಕಣ್ಣಿಗೆ ಕಾಣದಷ್ಟು ಸಣ್ಣದು ಇದೆಯಲ್ಲ, 10 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಅಂದರೆ ಎಂಎಂನ ಸಾವಿರದ ಒಂದು ಪಾಲು) ಚಿಕ್ಕದು, ಅದು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಾ ಇರುತ್ತದೆ. ನೀವು ಕೆಲಸ ಮುಗಿಸಿ ಬಾಗಿಲು ತೆಗೆದಾಗ ನಿಮ್ಮ ಜೊತೆಗೇ ಹೊರಗೆ ಬಂದಿರುವುದು ಅದು. ಹಾಗಾಗಿ ಧೂಳು ಹಾರಿದ ಮೇಲೆ ಹಿಡಿಯುವುದಲ್ಲ, ಬ್ಲೇಡ್ ಹತ್ತಿರವೇ ಹಿಡಿಯಬೇಕು.

ಕಿಟಕಿಗೆ ಒಂದು ಫ್ಯಾನನ್ನು ಗಾಳಿ ಹೊರಗೆ ತಳ್ಳುವ ಹಾಗೆ ಇಡಿ. ಸುತ್ತಲಿನ ಸಂದನ್ನು ರಟ್ಟಿನಿಂದ ಮುಚ್ಚಿ. ಬಾಗಿಲಿಗೆ ಪ್ಲಾಸ್ಟಿಕ್ ಶೀಟ್ ಟೇಪ್ ಹಾಕಿ ಅಂಟಿಸಿ, ಆದರೆ ಕೆಳಗೆ ಒಂದು ಸಣ್ಣ ಸಂದು ಬಿಡಿ. ಪೂರ್ತಿ ಮುಚ್ಚಿಬಿಟ್ಟರೆ ಗಾಳಿ ಬರುವುದಕ್ಕೇ ದಾರಿ ಇಲ್ಲ, ಫ್ಯಾನ್ ಸುಮ್ನೆ ತಿರುಗುತ್ತದೆ. ಸಂದು ಇದ್ದರೆ ಮನೆಯ ಗಾಳಿ ಕೋಣೆಯೊಳಗೆ ಬರುತ್ತದೆ, ಕೋಣೆಯ ಧೂಳು ಮನೆಗೆ ಹೋಗುವುದಿಲ್ಲ. ಶೀಟ್ ಒಳಗಡೆಗೆ ಉಬ್ಬಿದ್ದರೆ ಸರಿಯಾಗಿ ನಡೆಯುತ್ತಿದೆ ಅಂತ ಅರ್ಥ.

ಹಳೆಕೈ:
ವ್ಯಾಕ್ಯೂಮ್ ಸಿಕ್ಕಿಸಬಹುದು, ಆದರೆ ಮನೆಯ ವ್ಯಾಕ್ಯೂಮನ್ನು ನೇರವಾಗಿ ಹಾಕಬೇಡಿ, ನಾನು ಹಾಗೆ ಮಾಡಿ ಒಂದು ಮೋಟಾರ್ ಸುಟ್ಟುಕೊಂಡಿದ್ದೇನೆ. ಸಣ್ಣ ಪುಡಿ ಫಿಲ್ಟರಿಗೆ ಮೆತ್ತಿಕೊಂಡರೆ ಎಳೆಯುವ ಶಕ್ತಿ ಹೋಗುತ್ತದೆ, ಮೋಟಾರ್ ಬಿಸಿಯಾಗುತ್ತದೆ. ಮಧ್ಯೆ ಒಂದು ಸೈಕ್ಲೋನ್ ಹಾಕಿ. ಮುಚ್ಚಳ ಇರುವ ಗಟ್ಟಿ ಬಕೆಟ್ ಮೇಲೆ ಕೂರುವ ಕೊಳವೆಯಂಥದ್ದು. ಗಾಳಿ ಅದರಲ್ಲಿ ಗರಗರ ಸುತ್ತುವಾಗ ಭಾರದ ಪುಡಿ ಅಂಚಿಗೆ ಸರಿದು ಬಕೆಟಿಗೆ ಬೀಳುತ್ತದೆ, ವ್ಯಾಕ್ಯೂಮಿಗೆ ಹೋಗುವುದು ತೀರಾ ಸ್ವಲ್ಪ. ಆ ಸ್ವಲ್ಪವೇ ಅಪಾಯದ್ದು, ಅದಕ್ಕೆ ವ್ಯಾಕ್ಯೂಮಲ್ಲಿ ಹೆಪಾ ಫಿಲ್ಟರ್, ಅಂದರೆ ತೀರಾ ಸಣ್ಣ ಧೂಳನ್ನೂ ಹಿಡಿಯುವ ಫಿಲ್ಟರ್ ಇರಲಿ. ಇಲ್ಲದಿದ್ದರೆ ಮುಂದೆ ಎಳೆದದ್ದನ್ನು ಹಿಂದಿನಿಂದ ಕೋಣೆಗೇ ಊದುತ್ತದೆ.

ಸಾ ಯಂತ್ರದ ಧೂಳಿನ ಪೈಪಿಗೂ ವ್ಯಾಕ್ಯೂಮ್ ಪೈಪಿಗೂ ಅಳತೆ ಕೂಡುವುದೇ ಇಲ್ಲ, ಅಲ್ವಾ? ಹಳೇ ಸೈಕಲ್ ಟ್ಯೂಬಿನ ಒಂದು ತುಂಡು ಏರಿಸಿ ಕ್ಲಾಂಪ್ ಹಾಕಿ, ಬಿಗಿಯಾಗಿ ಕೂರುತ್ತದೆ.

ಇನ್ನೊಂದು ಮುಖ್ಯ. ಸರ್ಕ್ಯುಲರ್ ಸಾದ ಹಲ್ಲು ಕೆಳಗಿನಿಂದ ಮೇಲಕ್ಕೆ ಕತ್ತರಿಸುತ್ತದೆ, ಪುಡಿ ಮೇಲಿನ ಗಾರ್ಡಿನೊಳಗೆ (ಬ್ಲೇಡ್ ಮುಚ್ಚುವ ಕವಚ) ಹೋಗಬೇಕು. ಹಲಗೆಯ ಕೆಳಗೆ ಖಾಲಿ ಇದ್ದರೆ ಅರ್ಧಕ್ಕರ್ಧ ಅಲ್ಲಿಂದಲೇ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಹಲಗೆಯನ್ನು ದಪ್ಪ ಫೋಮ್ ಶೀಟಿನ ಮೇಲೆ ಮಲಗಿಸಿ, ಬ್ಲೇಡ್ ಆಳವನ್ನು ಹಲಗೆಗಿಂತ 4-5 ಎಂಎಂ ಮಾತ್ರ ಜಾಸ್ತಿ ಇಡಿ. ಕೆಳಗೆ ದಾರಿ ಮುಚ್ಚಿರುತ್ತದೆ, ಪುಡಿ ಪೈಪಿಗೇ ಬರುತ್ತದೆ. ಅಂಚನ್ನು ಸ್ವಲ್ಪವೇ ಸವರುವಾಗ ಮಾತ್ರ ಪಕ್ಕದಿಂದ ಹಾರುತ್ತದೆ, ಆಗ ಪಕ್ಕಕ್ಕೆ ಅದೇ ದಪ್ಪದ ಬೇಡದ ತುಂಡು ಒತ್ತಿ ಇಟ್ಟುಕೊಂಡು ಕತ್ತರಿಸಿ.

ಮೊಂಡು ಬ್ಲೇಡ್ ಬೇಡವೇ ಬೇಡ. ಅದು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಹೊಗೆ ಬರುತ್ತದೆ, ಪುಡಿಯೂ ಹಿಟ್ಟಿನಂತೆ ನುಣ್ಣಗಾಗುತ್ತದೆ.

ನಿಧಾನ:
ಎಂಡಿಎಫ್ ಅಂದಿರಲ್ಲ, ಅದರ ಬಗ್ಗೆ ಹೇಳಲೇಬೇಕು. ಅದರ ಪುಡಿ ಮಾಮೂಲಿ ಮರಕ್ಕಿಂತ ನುಣುಪು, ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಎಂಬ ಕಣ್ಣು-ಮೂಗು ಉರಿಸುವ ರಾಸಾಯನಿಕ ಇರುತ್ತದೆ. ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಐಎಆರ್‌ಸಿ 1995ರಲ್ಲೇ ಸೇರಿಸಿದೆ. ಅದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ. ಇದು ಮುಖ್ಯವಾಗಿ ವರ್ಷಗಟ್ಟಲೆ ಆ ಧೂಳಲ್ಲೇ ಕೆಲಸ ಮಾಡಿದವರನ್ನು ನೋಡಿ ಹೇಳಿದ್ದು, ನಾಲ್ಕು ಕಟ್‌ಗೆ ಹೆದರಬೇಡಿ. ಆದರೆ ಮಗುವನ್ನು ಆ ದಿನ ಬೇರೆಯವರ ಮನೆಯಲ್ಲಿ ಬಿಡಿ, ದಯವಿಟ್ಟು. ಸೀನು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.

ನೀವು ಎನ್95 ಮಾಸ್ಕ್ ಹಾಕಿ, ಬಟ್ಟೆ ಕಟ್ಟಿಕೊಂಡರೆ ಸಾಲದು. ಸಾ ನಿಲ್ಲಿಸಿದ ತಕ್ಷಣ ಮಾಸ್ಕ್ ತೆಗೆಯಬೇಡಿ, ಹೆಚ್ಚಿನವರು ಇಲ್ಲೇ ತಪ್ಪು ಮಾಡುವುದು. ಕಿಟಕಿ ಫ್ಯಾನ್ ಇನ್ನೂ ಅರ್ಧ ಗಂಟೆ ಓಡಲಿ. ಆಮೇಲೆ ಪೊರಕೆ ಹಿಡಿಯಬೇಡಿ, ವ್ಯಾಕ್ಯೂಮ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬಟ್ಟೆಯನ್ನು ಆ ಕೋಣೆಯಲ್ಲೇ ಬದಲಾಯಿಸಿ ಹೊರಗೆ ಬನ್ನಿ.

ಹೊಸಗರಗಸ:
ತುಂಬಾ ಥ್ಯಾಂಕ್ಸ್. ಬಾಗಿಲ ಸಂದಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಎಂಡಿಎಫ್ ಬಿಟ್ಟುಬಿಡುತ್ತೇನೆ, ಪೂರ್ತಿ ಪ್ಲೈವುಡ್ಡಲ್ಲೇ ಮಾಡುತ್ತೇನೆ. ಇನ್ನೊಂದು ಕೇಳಬೇಕಿತ್ತು, ಕತ್ತರಿಸುವಾಗ ನೀರು ಚಿಮುಕಿಸಿದರೆ ಧೂಳು ಕಮ್ಮಿ ಆಗುವುದಿಲ್ಲವಾ, ಟೈಲ್ಸ್ ಕತ್ತರಿಸುವವರು ಮಾಡುತ್ತಾರಲ್ಲ?

ಹಳೆಕೈ:
ಬೇಡ. ಟೈಲ್ಸ್ ಯಂತ್ರದಲ್ಲಿ ನೀರಿಗೆ ಅಂತಲೇ ವ್ಯವಸ್ಥೆ ಇರುತ್ತದೆ, ನಿಮ್ಮ ಸಾದಲ್ಲಿ ಇಲ್ಲ, ಶಾಕ್ ಹೊಡೆಯುತ್ತದೆ. ಪ್ಲೈವುಡ್ ಕೂಡ ಉಬ್ಬಿ ಹಾಳಾಗುತ್ತದೆ. ಮೂವತ್ತರಲ್ಲಿ ಚಿಕ್ಕ ಕಟ್‌ಗಳನ್ನು ಕೈಗರಗಸದಲ್ಲಿ ಮಾಡಿ. ಅದರ ಪುಡಿ ದಪ್ಪ, ಅಲ್ಲೇ ಕೆಳಗೆ ಬೀಳುತ್ತದೆ. ದೊಡ್ಡವನ್ನೆಲ್ಲ ಒಂದೇ ದಿನ ಮುಗಿಸಿ, ಕೋಣೆಯನ್ನು ಮತ್ತೆ ಮತ್ತೆ ಕಟ್ಟುವುದು ತಪ್ಪುತ್ತದೆ.