ಮುನ್ಸಿಪಲ್ ಏರ್‌ಪೋರ್ಟ್ ಹ್ಯಾಂಗರ್‌ಗೆ ತಪಾಸಣೆ ನೋಟಿಸ್: ಯಾವುದನ್ನು ತೆಗೆಯಲೇಬೇಕು, ಯಾವುದಕ್ಕೆ ತಕರಾರು ಹಾಕಬಹುದು?

ಪ್ರಶ್ನೆ (ಹ್ಯಾಂಗರ್ ಬಾಡಿಗೆದಾರ): ಎಲ್ಲರಿಗೂ ನಮಸ್ಕಾರ. ಅಮೆರಿಕದ ಸಣ್ಣ ಊರೊಂದರ ಮುನ್ಸಿಪಲ್ ಏರ್‌ಪೋರ್ಟಿನಲ್ಲಿ ಟಿ-ಹ್ಯಾಂಗರ್ (ಒಂದು ವಿಮಾನ ನಿಲ್ಲಿಸುವ ಟಿ ಆಕಾರದ ಶೆಡ್) ಬಾಡಿಗೆಗೆ ಹಿಡಿದಿದ್ದೇನೆ. ಒಳಗೆ ಹಳೇ ಸೆಸ್ನಾ 172, ಬದಿಯಲ್ಲಿ ಅರ್ಧ ಕಟ್ಟಿರುವ ಕಿಟ್ ವಿಮಾನದ ರೆಕ್ಕೆಗಳು. ಟವರ್ ಇಲ್ಲ, ಟಿಕೆಟ್ ಮಾರುವ ಏರ್‌ಲೈನ್ ಯಾವುದೂ ಇಲ್ಲಿಗೆ ಬರುವುದಿಲ್ಲ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ಅನುದಾನದಲ್ಲಿ ರನ್‌ವೇ ಡಾಂಬರು ಆಗಿದೆ. ವಾರ್ಷಿಕ ತಪಾಸಣೆ ಮುಗಿದ ಮೇಲೆ ನೋಟಿಸ್ ಬಂತು. 30 ದಿನದೊಳಗೆ ತೆಗೆಯಬೇಕಾದವು: ಐದು ಗ್ಯಾಲನ್ನಿನ ನಾಲ್ಕು ಪ್ಲಾಸ್ಟಿಕ್ ಪೆಟ್ರೋಲ್ ಕ್ಯಾನು, ಫ್ರಿಜ್ಜು, ಎಕ್ಸ್‌ಟೆನ್ಷನ್ ಕಾರ್ಡು, ಬ್ಯಾಟರಿ ಚಾರ್ಜರ್, ಪ್ರೋಪೇನ್ ಹೀಟರ್, ಸೋಫಾ, ಕಿಟ್ ವಿಮಾನ. ಜೊತೆಗೆ, ಇನ್ನು ಮುಂದೆ ಇಂಧನವನ್ನು ಇಲ್ಲಿನ ಎಫ್‌ಬಿಓ (ಏರ್‌ಪೋರ್ಟಿನಲ್ಲಿ ಇಂಧನ ಮಾರುವ ಕಂಪನಿ) ಟ್ರಕ್ಕಿನಿಂದಲೇ ಹಾಕಿಸಬೇಕಂತೆ. ಕಾರಣದ ಜಾಗದಲ್ಲಿ "ಎಫ್‌ಎಎ ಪಾರ್ಟ್ 139 ಸುರಕ್ಷತಾ ನಿಯಮ" ಎಂದಷ್ಟೇ ಇದೆ. ಎಲ್ಲವನ್ನೂ ಒಪ್ಪಲೇಬೇಕಾ?

ಉತ್ತರ (ಏರ್‌ಪೋರ್ಟ್ ಕಾರ್ಯಾಚರಣೆ): ನೋಟಿಸಿನಲ್ಲಿ ಅರ್ಧ ಸರಿ ಇದೆ, ಆದರೆ ಕೊಟ್ಟಿರುವ ಕಾರಣ ತಪ್ಪು. 9ಕ್ಕಿಂತ ಹೆಚ್ಚು ಸೀಟಿನ ವಿಮಾನಗಳಲ್ಲಿ ನಿಗದಿತ ವೇಳಾಪಟ್ಟಿಯ ಏರ್‌ಲೈನ್ ಸೇವೆ, ಅಥವಾ ಕನಿಷ್ಠ 31 ಸೀಟಿನ ಅನಿಯಮಿತ ಸೇವೆ ಇರುವ ನಿಲ್ದಾಣಕ್ಕೆ ಮಾತ್ರ ಪಾರ್ಟ್ 139 ಪ್ರಮಾಣಪತ್ರ ಬೇಕು. ನೀವು ಹೇಳಿದ ಜಾಗಕ್ಕೆ ಅದು ತಾಗುವುದೇ ಇಲ್ಲ. ಹಾಗಂತ "ನಿಯಮವೇ ಇಲ್ಲ" ಎಂದು ಬೀಗಬೇಡಿ. ನಿಮ್ಮನ್ನು ಕಟ್ಟಿಹಾಕುವ ಹಗ್ಗ ಬೇರೆ ಮೂರಿವೆ: ಅನುದಾನ ಪಡೆಯುವಾಗ ಪುರಸಭೆ ಎಫ್‌ಎಎಗೆ ಬರೆದುಕೊಟ್ಟ ಗ್ರಾಂಟ್ ಅಶ್ಯೂರೆನ್ಸ್‌ಗಳು, ಊರು ಅಂಗೀಕರಿಸಿದ ಫೈರ್ ಕೋಡ್, ಮತ್ತು ನೀವೇ ಸಹಿ ಹಾಕಿದ ಲೀಸ್. ನೋಟಿಸಿನ ಪ್ರತಿ ಸಾಲಿನ ಎದುರು ಈ ಮೂರರಲ್ಲಿ ಯಾವುದು, ಯಾವ ಕಲಮು ಎಂದು ಬರಹದಲ್ಲಿ ಕೇಳಿ. ಇಡೀ ಜಗಳದ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತದೆ.

ಕಿಟ್ ವಿಮಾನದ ವಿಷಯ ನಿಮ್ಮ ಪರ. ಎಫ್‌ಎಎ 2016ರಲ್ಲಿ ಪ್ರಕಟಿಸಿದ, 2017ರ ಜುಲೈ 1ರಿಂದ ಜಾರಿಯಲ್ಲಿರುವ ಹ್ಯಾಂಗರ್ ಬಳಕೆ ನೀತಿಯ ಪ್ರಕಾರ ವ್ಯಾಪಾರಕ್ಕಲ್ಲದೆ ಸ್ವಂತಕ್ಕೆ ವಿಮಾನ ಕಟ್ಟುವುದೂ ವೈಮಾನಿಕ ಬಳಕೆಯೇ. ಆದರೆ ಪುರಸಭೆ ಲೀಸಿನಲ್ಲಿ ಪ್ರಗತಿಯ ಗಡುವು ಹಾಕಬಹುದು: ಇಂಥ ತಿಂಗಳಿಗೆ ರೆಕ್ಕೆ, ಇಂಥ ತಿಂಗಳಿಗೆ ಎಂಜಿನ್ ಎಂದು. ಅದಕ್ಕೆ ಮೊದಲೇ ನೀವೇ ಒಂದು ವೇಳಾಪಟ್ಟಿ, ಬಿಲ್ಡರ್ ಲಾಗ್, ದಿನಾಂಕ ಇರುವ ಫೋಟೋಗಳನ್ನು ಕೊಟ್ಟುಬಿಡಿ. ಹಾರದ ವಿಮಾನವನ್ನು ದುರಸ್ತಿ ನೆಪದಲ್ಲಿ ವರ್ಷಾನುಗಟ್ಟಲೆ ಧೂಳು ತಿನ್ನಿಸಿದರೆ ಆ ನೀತಿ ನಿಮ್ಮನ್ನು ಕಾಯುವುದಿಲ್ಲ.

ಸೋಫಾ? ವಿಮಾನದ ಓಡಾಟಕ್ಕೆ ಅಡ್ಡ ಬರದ, ಕಟ್ಟಡ ಸಂಹಿತೆ ಮೀರದ ಇತರೆ ಸಾಮಾನು ಇಡುವುದಕ್ಕೆ ಎಫ್‌ಎಎ ನೀತಿಯಲ್ಲಿ ಅವಕಾಶವಿದೆ, ವಾಸ ಮಾಡುವುದಕ್ಕೆ ಮಾತ್ರ ಇಲ್ಲ. ಆದರೆ ಲೀಸ್ ಅದಕ್ಕಿಂತ ಬಿಗಿ ಇರಬಹುದು. ಸೋಫಾಕ್ಕಾಗಿ ಜಗಳಕ್ಕೆ ಹೋಗಬೇಡಿ, ಅದನ್ನು ಬಿಟ್ಟುಕೊಟ್ಟು ರೆಕ್ಕೆ ಉಳಿಸಿಕೊಳ್ಳಿ.

ಉತ್ತರ (ಅಗ್ನಿ ಸುರಕ್ಷತೆ ತಪಾಸಣೆ): ನನ್ನ ಪಾಲಿನ ಸಾಮಾನುಗಳಲ್ಲಿ ನಿಮಗೆ ವಾದವಿಲ್ಲ ಸರ್. ಯಾಕೆ ಅಂತ ಮಾತ್ರ ಹೇಳುತ್ತೇನೆ.

ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ನೀರಿನ ಹಾಗೆ ಹರಡುತ್ತದೆ. ಅದಕ್ಕೇ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 513ನೇ ವಿಧಿ ಹ್ಯಾಂಗರಿನ ಇಡೀ ನೆಲವನ್ನು 18 ಇಂಚು ಎತ್ತರದವರೆಗೆ ಅಪಾಯದ ವಲಯ ಎನ್ನುತ್ತದೆ. ಜೊತೆಗೆ ಎಂಜಿನ್ ಮತ್ತು ಇಂಧನ ಟ್ಯಾಂಕಿನಿಂದ ಸುತ್ತ 5 ಅಡಿ, ನೆಲದಿಂದ ಹಿಡಿದು ರೆಕ್ಕೆಯ ಮೇಲೆ 5 ಅಡಿವರೆಗೆ. ಈಗ ಫ್ರಿಜ್ಜಿನ ಹಿಂಬದಿ ಬಗ್ಗಿ ನೋಡಿ. ಕಂಪ್ರೆಸರ್, ಅದರ ಪಕ್ಕದ ಸಣ್ಣ ಕಪ್ಪು ರಿಲೇ, ಎರಡೂ ನೆಲದಿಂದ ಗೇಣುದ್ದ ಮೇಲೆ. ಕಂಪ್ರೆಸರ್ ಚಾಲೂ ಆದಾಗೆಲ್ಲ ಆ ರಿಲೇ ಕಿಡಿ ಹಾರಿಸಬಹುದು. ಟ್ಯಾಂಕಿನ ಡ್ರೇನ್ ವಾಲ್ವ್ ರಾತ್ರಿಯೆಲ್ಲ ತೊಟ್ಟಿಕ್ಕಿದ ದಿನ ಬೆಂಕಿಗೆ ಇನ್ನೇನೂ ಬೇಡ. ಇಡಲೇಬೇಕು ಅಂದರೆ ಬಾಲದ ಕಡೆಯ ಮೂಲೆಯಲ್ಲಿ, 18 ಇಂಚಿಗಿಂತ ಎತ್ತರದ ಗಟ್ಟಿ ಸ್ಟ್ಯಾಂಡಿನ ಮೇಲೆ, ಟ್ಯಾಂಕಿನಿಂದ 5 ಅಡಿ ಆಚೆ ಇಟ್ಟು, ಗೋಡೆಯ ಪ್ಲಗ್ಗಿಗೆ ನೇರ ಹಾಕಿ ಇನ್‌ಸ್ಪೆಕ್ಟರಿಗೆ ತೋರಿಸಿ. ಕಾಯಂ ವೈರಿಂಗಿಗೆ ಬದಲು ಎಕ್ಸ್‌ಟೆನ್ಷನ್ ಕಾರ್ಡ್ ಎಳೆಯುವುದನ್ನು ಯಾವ ಫೈರ್ ಕೋಡೂ ಒಪ್ಪುವುದಿಲ್ಲ.

ಚಾರ್ಜರ್ ವಿಷಯದಲ್ಲೂ ಅದೇ 513: ಹ್ಯಾಂಗರಿನೊಳಗೆ, ಅರ್ಧ ಒಳಗೆ ಇದ್ದರೂ, ವಿಮಾನದಲ್ಲೇ ಕೂತಿರುವ ಬ್ಯಾಟರಿಯನ್ನು ಚಾರ್ಜ್ ಮಾಡುವಂತಿಲ್ಲ. ಬಿಚ್ಚಿ ಹೊರಗೆ ತೆಗೆಯಿರಿ ಅಥವಾ ವಿಮಾನವನ್ನು ಪೂರ್ತಿ ಹೊರಗೆ ತಳ್ಳಿ. ಪ್ರೋಪೇನ್ ಹೀಟರ್ ಅಂದರೆ ತೆರೆದ ಜ್ವಾಲೆ, ಇವತ್ತೇ ಮನೆಗೆ ಒಯ್ಯಿರಿ. ಚಳಿಗಾಲಕ್ಕೆ ಎಂಜಿನ್ನಿಗೆ ಅಂಟಿಸುವ ವಿದ್ಯುತ್ ಪ್ಯಾಡ್ ಪ್ರಿಹೀಟರ್ ಇದೆ, ಅದನ್ನು ಒಳಗೆ ಬಳಸಬಹುದೇ ಎಂದು ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ.

ನೋಟಿಸಿನಲ್ಲಿ ಇಲ್ಲದ್ದು ಒಂದು: ರೆಕ್ಕೆಗೆ ಒಳಗೇ ಸ್ಪ್ರೇ ಪೇಂಟ್ ಹೊಡೆಯಬೇಡಿ. ಪೇಂಟಿಂಗ್, ವೆಲ್ಡಿಂಗ್, ಇಂಧನ ಹಾಕುವುದು ಇಂಥ ಕೆಲಸ ಶುರುವಾದರೆ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 409ನೇ ಮಾನದಂಡದ ಪ್ರಕಾರ ಸಣ್ಣ ಹ್ಯಾಂಗರ್ ಕೂಡ ಮೇಲಿನ ಗುಂಪಿನ ಅಗ್ನಿಶಾಮಕ ವ್ಯವಸ್ಥೆಗೆ ಏರುತ್ತದೆ. ಆ ಖರ್ಚು ನಿಮ್ಮ ಸಾಲಿನ ಬಾಡಿಗೆದಾರರೆಲ್ಲರ ತಲೆಗೆ ಬಂದೀತು. ಎಣ್ಣೆ, ಥಿನ್ನರ್ ಹತ್ತಿದ ಬಟ್ಟೆಗಳಿಗೆ ತಾನಾಗಿ ಮುಚ್ಚಿಕೊಳ್ಳುವ ಲೋಹದ ಡಬ್ಬ ಇಡಿ.

ಪ್ರಶ್ನೆ (ಹ್ಯಾಂಗರ್ ಬಾಡಿಗೆದಾರ): ಧನ್ಯವಾದ ಸರ್, ಫ್ರಿಜ್ಜಿನ ರಿಲೇ ನೋಡಿದೆ, ನೆಲದಿಂದ ಆರೇ ಇಂಚು. ಇಂಧನದ ಕಥೆ ಏನು? ನನ್ನ ವಿಮಾನಕ್ಕೆ ಆಟೋಗ್ಯಾಸ್ ಎಸ್‌ಟಿಸಿ (ಕಾರಿನ ಪೆಟ್ರೋಲ್ ಬಳಸಲು ಎಫ್‌ಎಎ ಅನುಮತಿ) ಇದೆ, ಎಫ್‌ಬಿಓದಲ್ಲಿ 100 ಎಲ್‌ಎಲ್ (ಸೀಸ ಬೆರೆತ ವಿಮಾನದ ಪೆಟ್ರೋಲ್) ಮಾತ್ರ ಸಿಗುತ್ತದೆ.

ಉತ್ತರ (ಏರ್‌ಪೋರ್ಟ್ ಕಾರ್ಯಾಚರಣೆ): ಈ ಒಂದು ಸಾಲಿಗೆ ಖಂಡಿತ ತಕರಾರು ಹಾಕಿ. ಗ್ರಾಂಟ್ ಅಶ್ಯೂರೆನ್ಸ್ 22ರ ಎಫ್ ಉಪಕಲಮಿನಂತೆ, ಸ್ವಂತ ವಿಮಾನಕ್ಕೆ ಮಾಲೀಕ ತಾನೇ ಅಥವಾ ತನ್ನ ನೌಕರರಿಂದ ಇಂಧನ ಹಾಕಿಕೊಳ್ಳುವುದನ್ನು, ದುರಸ್ತಿ ಮಾಡಿಕೊಳ್ಳುವುದನ್ನು ಪುರಸಭೆ ತಡೆಯುವಂತಿಲ್ಲ. ಅದೇ 22ರ ಎಚ್ ಪ್ರಕಾರ ಸುರಕ್ಷತೆಗೆ ಬೇಕಾದ ಸಮಂಜಸ ಷರತ್ತು ಹಾಕಬಹುದು: ಪರ್ಮಿಟ್, ತರಬೇತಿ, ಗೊತ್ತುಪಡಿಸಿದ ಜಾಗ, ವಿಮೆ. ಷರತ್ತು ಹಾಕುವುದು ಬೇರೆ, ಬಾಗಿಲು ಮುಚ್ಚುವುದು ಬೇರೆ. ಆದರೆ ಹೊರಗಿನ ಟ್ಯಾಂಕರ್ ಕರೆಸಿ ಹಾಕಿಸಿದರೆ, ನಾಲ್ಕು ಮಾಲೀಕರು ಸೇರಿ ಕೋ-ಆಪ್ ಮಾಡಿಕೊಂಡರೆ ಅದು ಸೆಲ್ಫ್ ಫ್ಯೂಯಲಿಂಗ್ ಅಲ್ಲ, ಈ ರಕ್ಷಣೆ ಸಿಗುವುದಿಲ್ಲ. ಇಲ್ಲೇ ಬಹಳ ಮಂದಿ ಎಡವುತ್ತಾರೆ.

ಉತ್ತರ (ಏರ್‌ಕ್ರಾಫ್ಟ್ ಮೆಕ್ಯಾನಿಕ್): ಹಾಕುವ ವಿಧಾನ ಸರಿ ಮಾಡಿಕೊಂಡರೆ ಅರ್ಧ ಆಕ್ಷೇಪ ತಾನಾಗೇ ಹೋಗುತ್ತದೆ. ಮೊದಲು, ಎಥನಾಲ್ ಬೆರೆತ ಪೆಟ್ರೋಲ್ ಆ ಎಸ್‌ಟಿಸಿಗಳಲ್ಲಿ ನಿಷಿದ್ಧ, ಸೀಲು, ಹೋಸು ಹಾಳಾಗುತ್ತವೆ. ಪ್ರತಿ ಸಲ ಪರೀಕ್ಷಿಸಿ: ಗುರುತು ಇರುವ ಉದ್ದನೆ ಗಾಜಿನ ಕೊಳವೆಗೆ ಒಂದು ಭಾಗ ನೀರು, ಒಂಬತ್ತು ಭಾಗ ಪೆಟ್ರೋಲ್ ಹಾಕಿ, ಕುಲುಕಿ, ನಿಲ್ಲಿಸಿ. ತಳದ "ನೀರಿನ" ಮಟ್ಟ ಮೊದಲಿಗಿಂತ ಏರಿದರೆ ಎಥನಾಲ್ ಇದೆ, ಹಾಕಬೇಡಿ.

ಆಮೇಲೆ ವಿಮಾನವನ್ನು ಹೊರಗೆ ತಳ್ಳಿ, ಹ್ಯಾಂಗರ್ ಬಾಗಿಲಿನಿಂದ ದೂರ, ಪರ್ಮಿಟ್ಟಿನಲ್ಲಿ ಹೇಳಿದ ಜಾಗಕ್ಕೆ. ಮ್ಯಾಗ್ನೆಟೋ (ಎಂಜಿನ್ನಿಗೆ ಕಿಡಿ ಕೊಡುವುದು), ಮಾಸ್ಟರ್ (ಮುಖ್ಯ ವಿದ್ಯುತ್) ಸ್ವಿಚ್ಚು ಎರಡೂ ಆಫ್. ಲೋಹದ ಸೇಫ್ಟಿ ಕ್ಯಾನಿನಿಂದ ಎಕ್ಸಾಸ್ಟ್ ಕೊಳವೆಗೋ ಬಣ್ಣ ಹಚ್ಚದ ಬೇರೆ ಲೋಹಕ್ಕೋ ಬಾಂಡಿಂಗ್ ವೈರ್ (ಸ್ಥಿರ ವಿದ್ಯುತ್ತಿನ ಕಿಡಿ ತಡೆಯುವ ತಂತಿ) ಕ್ಲಿಪ್ ಮಾಡಿ. ಟ್ಯಾಂಕಿನ ಮುಚ್ಚಳ ತೆಗೆಯುವುದು ಅದಾದ ಮೇಲೆಯೇ. ಲೋಹದ ಆಲಿಕೆ ಮುಚ್ಚಳದ ಬಾಯಿಗೆ ತಾಗಿರಲಿ. ಮುಗಿದ ಮೇಲೆ ಮುಚ್ಚಳ ಮೊದಲು, ವೈರ್ ಕೊನೆಗೆ. ನಿಮ್ಮ ಪ್ಲಾಸ್ಟಿಕ್ ಕ್ಯಾನಿಗೆ ಯಾವ ವೈರ್ ಕ್ಲಿಪ್ ಮಾಡಿದರೂ ಪ್ರಯೋಜನವಿಲ್ಲ, ಪ್ಲಾಸ್ಟಿಕ್ಕಿನ ಮೇಲಿನ ವಿದ್ಯುದಂಶ ತಂತಿಗೆ ಹರಿದು ಹೋಗುವುದಿಲ್ಲ. ಬಂಕಿನಲ್ಲಿ ತುಂಬಿಸುವಾಗಲೂ ಕ್ಯಾನನ್ನು ಪಿಕಪ್ಪಿನ ಪ್ಲಾಸ್ಟಿಕ್ ಹಾಸಿನ ಮೇಲೆ ಇಡದೆ ನೆಲಕ್ಕೆ ಇಳಿಸಿ. ಉಳಿದ ಇಂಧನವನ್ನು ಹ್ಯಾಂಗರಿನಲ್ಲಿ ಶೇಖರಿಸಬೇಡಿ, ತಂದಷ್ಟನ್ನೂ ಹಾಕಿ ಖಾಲಿ ಕ್ಯಾನ್ ವಾಪಸ್. ನೀರು, ಕೊಳೆ ನೋಡಲು ಟ್ಯಾಂಕಿನಿಂದ ಡ್ರೇನ್ ಮಾಡಿದ ಸ್ಯಾಂಪಲ್ಲನ್ನು ರಾಂಪಿನ (ವಿಮಾನ ನಿಲ್ಲಿಸುವ ಅಂಗಳ) ಮೇಲೆ ಎರಚುವ ಹಳೇ ಚಾಳಿ ಬಿಡಿ, ಅದು ಮಳೆನೀರಿನ ಚರಂಡಿಗೆ ಹೋಗುತ್ತದೆ.

ಉತ್ತರ (ಅಗ್ನಿ ಸುರಕ್ಷತೆ ತಪಾಸಣೆ): ಪಕ್ಕದಲ್ಲಿ ಕನಿಷ್ಠ 20-ಬಿ:ಸಿ ದರ್ಜೆಯ (ಇಂಧನ ಮತ್ತು ವಿದ್ಯುತ್ ಬೆಂಕಿಗೆ) ಎಕ್ಸ್‌ಟಿಂಗ್ವಿಷರ್ ಇರಲಿ. ಅಂಗಡಿಯ ಅಗ್ಗದ ಎಬಿಸಿ ಪುಡಿಯದ್ದು ಬೇಡ. ಅದರಲ್ಲಿರುವ ಅಮೋನಿಯಂ ಫಾಸ್ಫೇಟ್ ತೇವ ಹೀರಿ ಅಲ್ಯೂಮಿನಿಯಂ ತಿನ್ನುತ್ತದೆ. ಎನ್‌ಎಫ್‌ಪಿಎ 407 ಅದನ್ನು ಇಂಧನ ಹಾಕುವ ರಾಂಪಿನಲ್ಲಿ ಇಡಬಾರದು ಎಂದೇ ಹೇಳುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ನಾವು ಜಾಗ ಲೀಸಿಗೆ ತೆಗೆದುಕೊಂಡು ದೊಡ್ಡ ಹ್ಯಾಂಗರ್ ಕಟ್ಟಿ ಫ್ಲೈಯಿಂಗ್ ಸ್ಕೂಲ್ ಮಾಡಬೇಕು ಅಂತಿದ್ದೇವೆ. 500 ಗ್ಯಾಲನ್ ಟ್ಯಾಂಕು, 750 ಗ್ಯಾಲನ್ ಟ್ರಕ್ಕು. ಇದಕ್ಕೂ ಇವೇ ನಿಯಮಗಳಾ?

ಉತ್ತರ (ಏರ್‌ಪೋರ್ಟ್ ಕಾರ್ಯಾಚರಣೆ): ಇನ್ನೂ ಎರಡು ಸೇರುತ್ತವೆ ಮೇಡಂ. ಕಟ್ಟುವ ಮೊದಲು ಎಫ್‌ಎಎಗೆ 7460-1 ಫಾರ್ಮ್, ಕೆಲಸ ಶುರುವಾಗುವ ಕನಿಷ್ಠ 45 ದಿನ ಮುಂಚೆ. ಕಟ್ಟಡಕ್ಕೆ ಮಾತ್ರವಲ್ಲ, ಕಟ್ಟುವಾಗ ನಿಲ್ಲಿಸುವ ಕ್ರೇನಿಗೂ. ಕ್ರೇನ್ ಮರೆತು ಕೆಲಸ ನಿಂತುಹೋಗುವುದು ಸಾಮಾನ್ಯ.

ಇಂಧನಕ್ಕೆ ಪರಿಸರ ಸಂಸ್ಥೆ ಇಪಿಎಯ ಎಸ್‌ಪಿಸಿಸಿ ನಿಯಮ. ನೆಲದ ಮೇಲಿನ ಒಟ್ಟು ಸಾಮರ್ಥ್ಯ 1,320 ಗ್ಯಾಲನ್ ದಾಟಿದರೆ, ಸೋರಿಕೆ ಹತ್ತಿರದ ಹಳ್ಳ-ಹೊಳೆ ಸೇರುವ ಸಂಭವ ಇದ್ದರೆ, ಲಿಖಿತ ಸೋರಿಕೆ ತಡೆ ಯೋಜನೆ ಬೇಕು. ಲೆಕ್ಕಕ್ಕೆ ಬರುವುದು 55 ಗ್ಯಾಲನ್ ಮತ್ತು ಮೇಲಿನ ಪಾತ್ರೆಗಳು, ಒಳಗೆ ಎಷ್ಟಿದೆ ಎಂಬುದಲ್ಲ, ಎಷ್ಟು ಹಿಡಿಯುತ್ತದೆ ಎಂಬುದು. ನಿಮ್ಮದು 500 ಮತ್ತು 750 ಸೇರಿ 1,250, ಪಾರು ಅನ್ನಿಸುತ್ತದೆ. ಎಂಜಿನ್ ಆಯಿಲಿನ 55 ಗ್ಯಾಲನ್ನಿನ ಎರಡು ಡ್ರಮ್ಮು ತಂದಿಟ್ಟ ದಿನ 1,360. ಆಯಿಲೂ ಎಣ್ಣೆಯೇ, ಅದೂ ಲೆಕ್ಕ. ವಿಮಾನಗಳ ಟ್ಯಾಂಕು ಲೆಕ್ಕಕ್ಕಿಲ್ಲ. ಟ್ರಕ್ಕನ್ನು ರಾತ್ರಿ ಕಟ್ಟಡದಿಂದ 50 ಅಡಿ, ಇನ್ನೊಂದು ಟ್ರಕ್ಕಿನಿಂದ 10 ಅಡಿ ದೂರ ನಿಲ್ಲಿಸಿ.

ಪ್ರಶ್ನೆ (ಹ್ಯಾಂಗರ್ ಬಾಡಿಗೆದಾರ): ಇಂಧನದ ಸಾಲನ್ನು ಅವರು ಬಿಡದಿದ್ದರೆ?

ಉತ್ತರ (ಏರ್‌ಪೋರ್ಟ್ ಕಾರ್ಯಾಚರಣೆ): 30 ದಿನ ಮುಗಿಯುವ ಮೊದಲೇ ಮ್ಯಾನೇಜರ್‌ಗೆ ಪತ್ರ: ಹೀಟರ್, ಕ್ಯಾನ್, ಚಾರ್ಜರ್, ಕಾರ್ಡ್ ತೆಗೆದ ಫೋಟೋ, ಕಿಟ್‌ನ ವೇಳಾಪಟ್ಟಿ, ಸೆಲ್ಫ್ ಫ್ಯೂಯಲಿಂಗ್ ಪರ್ಮಿಟ್ಟಿಗೆ ಅರ್ಜಿ, ಅಶ್ಯೂರೆನ್ಸ್ 22ರ ಉಲ್ಲೇಖ. ಮೊದಲು ಸುರಕ್ಷತೆಯ ಸಾಲುಗಳನ್ನು ಚೊಕ್ಕ ಮಾಡಿಕೊಂಡವನ ಮಾತಿಗೆ ತೂಕ ಹೆಚ್ಚು. ಉತ್ತರ ಬಾರದಿದ್ದರೆ ನಿಮ್ಮ ಪ್ರದೇಶದ ಎಫ್‌ಎಎ ಏರ್‌ಪೋರ್ಟ್ಸ್ ಡಿಸ್ಟ್ರಿಕ್ಟ್ ಆಫೀಸಿಗೆ ಪಾರ್ಟ್ 13ರಡಿ ಅನೌಪಚಾರಿಕ ದೂರು. ಪಾರ್ಟ್ 16 ಔಪಚಾರಿಕ ದಾವೆ, ಅದಕ್ಕೆ ಮುಂಚೆ ರಾಜಿಗೆ ಪ್ರಯತ್ನಿಸಿದ ದಾಖಲೆ ಕೇಳುತ್ತಾರೆ, ಹಾಗಾಗಿ ಫೋನಿನಲ್ಲಿ ಮಾತಾಡಿದ್ದನ್ನೂ ಅದೇ ದಿನ ಇಮೇಲ್ ಹಾಕಿಡಿ. ಈ ನಡುವೆ ಬಾಡಿಗೆ ಮಾತ್ರ ತಡ ಮಾಡಬೇಡಿ. ಬಾಡಿಗೆ ಬಾಕಿ ಇದ್ದರೆ ಲೀಸ್ ರದ್ದು ಮಾಡಲು ಅವರಿಗೆ ಬೇರೆ ಕಾರಣವೇ ಬೇಕಿಲ್ಲ.